ದೊಡ್ಡ ಮೀನಿನ ತೊಟ್ಟಿಗೆ ಹೀಟರ್: ಗಡಿನಾಡಿನ ಚಳಿ ಕಲಿಸಿದ ಹದಿನಾಲ್ಕು ಸೂತ್ರಗಳು

ಲಾತೂರು ಜಿಲ್ಲೆಯ ದೇವಣಿ ತಾಲ್ಲೂಕಿನ ವಲಾಂಡಿಯಲ್ಲಿ ನನ್ನ ಅಕ್ಕನ ಮನೆ. ಪಡಸಾಲೆಯಲ್ಲಿ ಆರಡಿ ಉದ್ದದ ಗಾಜಿನ ತೊಟ್ಟಿ. ಅಕ್ಕನ ಮಗ ಎರಡು ವರ್ಷ ದುಡ್ಡು ಕೂಡಿಸಿ ಮಾಡಿಸಿದ್ದು. ಜನವರಿಯ ಒಂದು ಸಂಜೆ ಅವನ ಫೋನ್ ಬಂತು: "ಮಾಮಾ, ಎರಡು ದಿನ ಭಾಲ್ಕಿಗಿ ಮದಿವಿಗಿ ಹೋಗಿದ್ದೆವು. ಬಂದು ನೋಡಿದ್ರ ನೀರು ಬಿಸಿ ಆಗ್ಯಾದ. ಏಂಜಲ್ ಎಲ್ಲಾ ಸತ್ತಾವ."

ಉದಗೀರದಿಂದ ನಾನು ಹೋಗಿ ನೋಡಿದಾಗ ಥರ್ಮಾಮೀಟರು 36 ಡಿಗ್ರಿ ತೋರಿಸುತ್ತಿತ್ತು. ಹೀಟರಿನ ಗುಂಡಿ ಮಾತ್ರ 27ಕ್ಕೇ ಇತ್ತು, ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಪ್ಲಗ್ ಕಿತ್ತು, ತಣಿದ ಮೇಲೆ ಹೀಟರನ್ನು ಬಿಚ್ಚಿದೆವು. ಒಳಗೆ ಎಳ್ಳುಕಾಳಿನಷ್ಟು ಸಣ್ಣ ಎರಡು ಲೋಹದ ಪಾಯಿಂಟುಗಳು. ನೀರು ಬೇಕಾದಷ್ಟು ಬಿಸಿಯಾದಾಗ ಒಂದಕ್ಕೊಂದು ಬಿಟ್ಟುಕೊಳ್ಳಬೇಕಾದವು ಬೆಸುಗೆ ಹಾಕಿದಂತೆ ಅಂಟಿಕೊಂಡಿದ್ದವು. ಚಾಕುವಿನ ತುದಿ ತೂರಿಸಿ ಬಿಡಿಸಬೇಕಾಯಿತು.

ಅದು ಯಾವ ಕಂಪನಿಯ ಮಾಲು ಎನ್ನುವುದು ಇಲ್ಲಿ ಮುಖ್ಯವಲ್ಲ. ಗುಂಡಿ ತಿರುಗಿಸುವ ಹೀಟರುಗಳಲ್ಲಿ ಅಗ್ಗದ್ದಿರಲಿ, ದುಬಾರಿಯದಿರಲಿ, ಸಾಮಾನ್ಯವಾಗಿ ಇರುವುದು ಇದೇ ಏರ್ಪಾಡು. ಎರಡು ಬೇರೆ ಬೇರೆ ಲೋಹಗಳನ್ನು ಕೂಡಿಸಿ ಮಾಡಿದ ಪಟ್ಟಿ ಬಿಸಿಗೆ ಬಾಗಿ ಕರೆಂಟು ಕಡಿಯುತ್ತದೆ, ತಣಿದರೆ ನೆಟ್ಟಗಾಗಿ ಮತ್ತೆ ಕೂಡಿಸುತ್ತದೆ. ಪ್ರತಿ ಸಲ ಕೂಡಿ ಬಿಡುವಾಗ ಒಂದು ಕಿಡಿ. ಸಾವಿರಾರು ಕಿಡಿಗಳಾದ ಮೇಲೆ ಒಂದು ದಿನ ಪಾಯಿಂಟು ಅಂಟುತ್ತದೆ. ಅಂದರೆ ಎಂಥ ಹೀಟರ್ ಆದರೂ ಒಂದು ದಿನ ಕೈಕೊಡುತ್ತದೆ. ಆ ದಿನ ಮೀನು ಸಾಯಬಾರದು. ಹೀಟರನ್ನೂ ಕಂಟ್ರೋಲರನ್ನೂ ಆರಿಸುವಾಗ ನಾನು ನೋಡುವುದು ಇದೊಂದನ್ನೇ. ಕೆಳಗಿನ ಸೂತ್ರಗಳೆಲ್ಲ ಅದರಿಂದಲೇ ಹುಟ್ಟಿದವು.

1. ಹೀಟರ್ ಅಂಗಡಿಗೆ ಹೋಗುವ ಮುನ್ನ ಮೀನನ್ನು ನಿಶ್ಚಯ ಮಾಡಿ

ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ಬೇಕು. ಏಂಜಲ್‌ಗೆ 24ರಿಂದ 28, ಆಸ್ಕರ್‌ಗೆ 23ರಿಂದ 27 ಸಾಕು. ಗೋಲ್ಡ್‌ಫಿಶ್‌ಗೆ 20ರ ಆಸುಪಾಸಿನ ನೀರೇ ಹಿತ, ಅದಕ್ಕೆ ಹೀಟರ್ ಹಾಕುವುದೇ ತಪ್ಪು. ನಮ್ಮ ದೇಶದ್ದೇ ಆದ ಜೀಬ್ರಾ ಡಾನಿಯೊ, ರೋಸಿ ಬಾರ್ಬ್ ಕೂಡ ಸಾಕಷ್ಟು ತಂಪು ತಡೆಯುತ್ತವೆ. ಮನೆಯಲ್ಲಿ ಹೀಟರಿನ ಮೇಲೆ ಕಣ್ಣಿಡುವವರು ಯಾರೂ ಇಲ್ಲ ಎನ್ನುವವರು ಇವುಗಳನ್ನು ಸಾಕಿ. ಸೂತ್ರಗಳಲ್ಲಿ ಅತ್ಯಂತ ಅಗ್ಗದ್ದು ಇದೇ.

ಮೀನಿನ ಗುಣ ತಿಳಿದು ಉಪಚರಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಉಮರ್ಗಾದಿಂದ ಗಡಿ ದಾಟಿದರೆ ಸಿಗುವ ಬಸವಕಲ್ಯಾಣದಲ್ಲಿ, ಅಂದಿನ ಕಲ್ಯಾಣದಲ್ಲಿ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೂವತ್ತಕ್ಕೂ ಮಿಕ್ಕ ಜಾತಿಯ ಮೀನುಗಳನ್ನು ಹೆಸರಿಸಿ, ಯಾವುದಕ್ಕೆ ಯಾವ ಮೇವು ಎಂದು ಅಲ್ಲಿ ಹೇಳಿದ್ದಾನೆ. ಅರಸನ ವಿನೋದ ಗಾಳ ಹಾಕಿ ಹಿಡಿಯುವುದಾಗಿತ್ತು, ನಮ್ಮದು ಸಾಕುವುದು. ಆದರೂ ಮೊದಲು ಮೀನನ್ನು ತಿಳಿ ಎನ್ನುವ ಆ ಕ್ರಮವನ್ನು ನಾನು ಗೌರವಿಸುತ್ತೇನೆ.

2. ನೀರು ಎಷ್ಟು ಲೀಟರ್ ಎಂದು ಅಳೆಯಿರಿ

ಉದ್ದ, ಅಗಲ, ಎತ್ತರಗಳನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿ. 6×2×2 ಅಡಿಯ ತೊಟ್ಟಿ 680 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನೀರು 600 ಲೀಟರ್. ಮುಂದಿನ ಲೆಕ್ಕಗಳಿಗೆಲ್ಲ ಈ 600ನ್ನೇ ಇಟ್ಟುಕೊಂಡಿದ್ದೇನೆ.

3. "ಲೀಟರಿಗೆ ಒಂದು ವ್ಯಾಟ್" ಎಂಬ ಮಾತನ್ನು ಕಣ್ಣು ಮುಚ್ಚಿ ನಂಬಬೇಡಿ

ಅಂಗಡಿಯವರು ಹೇಳುವ ಈ ಮಾತು ಸಣ್ಣ ತೊಟ್ಟಿಗೆ ಸರಿ. ದೊಡ್ಡದರಲ್ಲಿ ನೋಡಬೇಕಾದ್ದು ನಿಮ್ಮ ಕೋಣೆ ರಾತ್ರಿ ಎಷ್ಟು ತಣಿಯುತ್ತದೆ ಎಂಬುದನ್ನು. ನಮ್ಮದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ದಿನಗಳಲ್ಲಿ ಹೊರಗೆ 10 ಡಿಗ್ರಿಯ ಹತ್ತಿರ ಇಳಿಯುವ ರಾತ್ರಿಗಳಿವೆ. ಹಳೆಯ ಮಣ್ಣಿನ ಮಾಳಿಗೆಯ ದಪ್ಪ ಗೋಡೆಯೊಳಗೆ ಆ ಚಳಿ ತಟ್ಟುತ್ತಿರಲಿಲ್ಲ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಆ ಭಾರದ ಮಾಳಿಗೆಗಳೇ ಜನರ ಮೇಲೆ ಕುಸಿದವು. ಈಗ ಎಲ್ಲೆಡೆ ಹಗುರ ಪತ್ರಾ, ಸಿಮೆಂಟಿನ ತೆಳು ಗೋಡೆ. ಜೀವಕ್ಕೆ ಅದೇ ಒಳ್ಳೆಯದು. ಆದರೆ ಪತ್ರಾದ ಕೆಳಗಿನ ಕೋಣೆ ಹಗಲು ಕಾಯುತ್ತದೆ, ರಾತ್ರಿ ಬೇಗ ತಣಿಯುತ್ತದೆ.

ಕೋಣೆ 16, ನೀರು 28 ಎಂದಿಟ್ಟುಕೊಳ್ಳಿ. ಅಂತರ 12 ಡಿಗ್ರಿ. ಮೇಲೆ ಮುಚ್ಚಳ ಇರುವ ಆರಡಿ ತೊಟ್ಟಿ ಆಗ ಕಳೆದುಕೊಳ್ಳುವ ಶಾಖ ಸುಮಾರು 300 ವ್ಯಾಟ್. ನೀರನ್ನು 28ರಲ್ಲಿ ಹಿಡಿದು ನಿಲ್ಲಿಸಲು ಇಷ್ಟು ಸಾಕು. ತಣ್ಣಗಾದ ನೀರನ್ನು ಮೇಲೆತ್ತಬೇಕಾದರೆ ಇನ್ನಷ್ಟು ಬೇಕು: 600 ಲೀಟರನ್ನು ಒಂದು ಡಿಗ್ರಿ ಏರಿಸಲು 0.7 ಯೂನಿಟ್. ಹಾಗಾಗಿ ಒಟ್ಟು 600 ವ್ಯಾಟ್ ಇದ್ದರೆ ನೆಮ್ಮದಿ. ತೊಟ್ಟಿಯ ಅಡಿಗೂ ಬೆನ್ನಿಗೂ ಒಂದಿಂಚಿನ ಥರ್ಮೋಕೋಲ್ ಹಾಕಿ, ಮೇಲೆ ಗಾಜಿನ ಮುಚ್ಚಳ ಇಡಿ. ಹೀಟರಿಗೆ ಖರ್ಚು ಮಾಡುವ ಮುನ್ನ ಈ ಖರ್ಚು ಮಾಡಿ, ತಿಂಗಳ ಬಿಲ್ಲಿನಲ್ಲಿ ವಸೂಲಾಗುತ್ತದೆ.

4. ಒಂದು 600 ವ್ಯಾಟ್ ಬೇಡ, ಎರಡು 300 ವ್ಯಾಟ್ ತನ್ನಿ

ವಲಾಂಡಿಯ ತೊಟ್ಟಿಯಲ್ಲಿ ಇದ್ದದ್ದು ಒಂದೇ ದೊಡ್ಡ ಹೀಟರ್. ಒಂದೇ 600 ವ್ಯಾಟ್ ಹೀಟರ್ ಅಂಟಿಕೊಂಡು ಉರಿಯುತ್ತಲೇ ಉಳಿದರೆ ಏನಾಗುತ್ತದೆ ನೋಡಿ. ಮೇಲಿನ ಲೆಕ್ಕದಲ್ಲಿ 300 ವ್ಯಾಟ್ ನೀರನ್ನು ಕೋಣೆಗಿಂತ 12 ಡಿಗ್ರಿ ಮೇಲೆ ಇಡುತ್ತದೆ. 600 ವ್ಯಾಟ್ 24 ಡಿಗ್ರಿ ಮೇಲೆ ಒಯ್ಯುತ್ತದೆ. 16ರ ಕೋಣೆಯಲ್ಲೂ ನೀರು 40 ಮುಟ್ಟುವವರೆಗೆ ಏರುತ್ತಲೇ ಇರುತ್ತದೆ. ಏಂಜಲ್ ಬದುಕುವುದಿಲ್ಲ.

ಅದೇ 300ರ ಎರಡು ಇದ್ದು, ಒಂದು ಅಂಟಿಕೊಂಡಿತೆನ್ನಿ. ಇನ್ನೊಂದು ನೀರು ಬಿಸಿಯಾದದ್ದು ಕಂಡು ಸುಮ್ಮನಾಗುತ್ತದೆ. ಅಂಟಿದ ಒಂದೇ ಹೀಟರ್ ಚಳಿಯ ರಾತ್ರಿ ನೀರನ್ನು 28ರಿಂದ ಮೇಲೆ ಒಯ್ಯಲಾರದು. ಬೆಚ್ಚಗಿನ ಹಗಲಿನಲ್ಲಿ ಒಯ್ದರೂ ನಿಧಾನವಾಗಿ ಒಯ್ಯುತ್ತದೆ, ನಿಮಗೆ ನೋಡಿ ಪ್ಲಗ್ ಕೀಳಲು ಹೊತ್ತು ಸಿಗುತ್ತದೆ. ಇನ್ನೊಂದು ಬಗೆಯ ಕೆಡುಕೂ ಇದೆ: ತಂತಿ ಸುಟ್ಟು ಹೀಟರ್ ಪೂರ್ತಿ ಸತ್ತುಹೋಗುವುದು. ಆಗಲೂ ಉಳಿದ ಒಂದು ರಾತ್ರಿ ಕಳೆಯುತ್ತದೆ. ತೊಟ್ಟಿಯ ಎರಡು ತುದಿಗೆ ಒಂದೊಂದು ಇಟ್ಟರೆ ಆರಡಿ ಉದ್ದಕ್ಕೂ ನೀರು ಒಂದೇ ಸಮ ಬೆಚ್ಚಗಿರುತ್ತದೆ ಎನ್ನುವುದು ಮೇಲಿನ ಲಾಭ.

5. ಡಬ್ಬಿಯ ಮೇಲಿನ ವ್ಯಾಟ್ 230 ವೋಲ್ಟಿನ ಲೆಕ್ಕದ್ದು. ನಿಮ್ಮ ಊರಿನ ವೋಲ್ಟೇಜ್ ನೋಡಿ

ಹೀಟರ್ ಕೊಳ್ಳುವ ಬಗ್ಗೆ ಬರೆದವರು ಸಾಮಾನ್ಯವಾಗಿ ಬಿಡುವ ವಿಷಯ ಇದು. ನಮ್ಮ ಕಡೆ ಇದೇ ದೊಡ್ಡದು. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. 230 ವೋಲ್ಟಿನಲ್ಲಿ 300 ವ್ಯಾಟ್ ಕೊಡುವ ಹೀಟರ್ 180 ವೋಲ್ಟಿನಲ್ಲಿ ಕೊಡುವುದು 185 ವ್ಯಾಟ್ ಮಾತ್ರ. 160ಕ್ಕೆ ಇಳಿದರೆ 145, ಅಂದರೆ ಅರ್ಧಕ್ಕೂ ಕಡಿಮೆ.

ವೋಲ್ಟೇಜ್ ಇಳಿಯುವುದು ಯಾವಾಗ? ಹಿಂಗಾರಿ ಹಂಗಾಮಿನಲ್ಲಿ ಕಡಲೆಗೆ, ಜೋಳಕ್ಕೆ ನೀರು ಬಿಡುವ ಮೋಟಾರುಗಳೆಲ್ಲ ಒಟ್ಟಿಗೆ ಎದ್ದಾಗ. ಹಿಂಗಾರಿ ಇರುವುದೇ ಚಳಿಗಾಲದಲ್ಲಿ. ಮೀನಿಗೆ ಶಾಖ ಹೆಚ್ಚು ಬೇಕಾದ ರಾತ್ರಿಯೇ ಹೀಟರ್ ಸೊರಗುತ್ತದೆ. "ಹೀಟರ್ ಹೊಸದದ, ಆದ್ರೂ ನೀರು ಬಿಸಿ ಆಗವಲ್ದು" ಎಂದು ನನ್ನ ಹತ್ತಿರ ಬರುವವರಲ್ಲಿ ಹಲವರ ಮನೆಯಲ್ಲಿ ಹೀಟರ್ ಸರಿಯಾಗಿಯೇ ಇರುತ್ತದೆ.

ಒಂದು ಮಲ್ಟಿಮೀಟರ್ ತಂದು ರಾತ್ರಿ ಎಂಟಕ್ಕೊಮ್ಮೆ, ಎರಡಕ್ಕೊಮ್ಮೆ ವಾರ ಪೂರ್ತಿ ಪ್ಲಗ್ ಪಾಯಿಂಟಿನ ವೋಲ್ಟೇಜ್ ಬರೆದಿಡಿ. 200ಕ್ಕಿಂತ ಕೆಳಗೆ ಇಳಿಯುವುದೇ ರೂಢಿಯಾಗಿದ್ದರೆ ಒಂದು ಕೆವಿಎ ಸ್ಟೆಬಿಲೈಜರ್ ಹಾಕಿಸಿ. ಕರೆಂಟು ಹೋಗಿ ಮರಳಿ ಬರುವಾಗಿನ ಜಿಗಿತದಿಂದ ಕಂಟ್ರೋಲರೂ ಉಳಿಯುತ್ತದೆ. ಸ್ಟೆಬಿಲೈಜರ್ ಬೇಡವೆಂದರೆ ಮೂರನೆಯ ಹೀಟರ್ ಸೇರಿಸಿ. ವೋಲ್ಟೇಜ್ ಕಡಿಮೆ ಎಂದು ಒಂದೇ ಭಾರಿ ಹೀಟರ್ ತರಬೇಡಿ: ಮಳೆಗಾಲದಲ್ಲಿ ಮೋಟಾರು ನಿಂತು ವೋಲ್ಟೇಜ್ ಪೂರ್ತಿ ಬಂದಾಗ ನಾಲ್ಕನೆಯ ಸೂತ್ರದ ಅಪಾಯ ಎದುರಾಗುತ್ತದೆ.

6. ಹೀಟರಿನ ಮೈ ನೋಡಿ

ಗಾಜಿನದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ದಪ್ಪ ಗಾಜಿರಬೇಕು. ಕೈಯಲ್ಲಿ ಹಿಡಿದಾಗ ತೂಕ ತಿಳಿಯುತ್ತದೆ. ಆಸ್ಕರ್, ಫ್ಲವರ್‌ಹಾರ್ನ್‌ನಂಥ ಬಲವಾದ ಮೀನಿದ್ದರೆ ಪ್ಲಾಸ್ಟಿಕ್ ಜಾಲರಿಯ ಕವಚ ಕಡ್ಡಾಯ, ಅವು ಬಾಲದಿಂದ ಹೊಡೆದೇ ಗಾಜು ಒಡೆಯುತ್ತವೆ. ಟೈಟಾನಿಯಂ ಹೀಟರ್ ಒಡೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಉಪ್ಪುನೀರಿಗೂ ನಡೆಯುತ್ತದೆ. ಅವುಗಳಲ್ಲಿ ಹಲವಕ್ಕೆ ಒಳಗೆ ಥರ್ಮೋಸ್ಟ್ಯಾಟ್ ಇರುವುದಿಲ್ಲ, ಕಂಟ್ರೋಲರ್ ಇಲ್ಲದೆ ಹಚ್ಚಲೇಬಾರದು. ಜರ್ಮನಿಯ ಏಹೈಮ್ ಕಂಪನಿಯ ಯೇಗರ್ ಹೀಟರಿನಲ್ಲಿ ನನಗೆ ಹಿಡಿಸಿದ್ದು ಎರಡು: ನೀರಿಲ್ಲದೆ ಉರಿದರೆ ತಾನೇ ಆರುತ್ತದೆ, ತೋರಿಸುವ ಅಂಕಿಗೂ ನಿಜಕ್ಕೂ ವ್ಯತ್ಯಾಸವಿದ್ದರೆ ಗುಂಡಿಯ ಬಳೆ ತಿರುಗಿಸಿ ಸರಿಪಡಿಸಬಹುದು. ಬೇರೆ ಯಾವುದೇ ಹೀಟರ್ ಕೊಂಡರೂ ಈ ಎರಡು ಗುಣ ಇವೆಯೇ ಎಂದು ಕೇಳಿ. ಅಕ್ವೇರಿಯಂ ಸಾಮಾನಿಗೆ ಇರುವ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ ಐಇಸಿ 60335-2-55. ಡಬ್ಬಿಯ ಮೇಲೆ ಆ ಸಂಖ್ಯೆ ಇದ್ದರೆ ಒಳ್ಳೆಯದು.

ಸ್ನಾನದ ನೀರು ಕಾಯಿಸುವ ರಾಡನ್ನು ತೊಟ್ಟಿಗೆ ಇಳಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಮೀನಿಗಿಂತ ಮೊದಲು ಮನೆಯ ಮಗುವಿಗೆ ಅಪಾಯ.

7. ಹೊರಗೆ ಬೇರೆಯದೇ ಕಂಟ್ರೋಲರ್ ಇರಲಿ

ಕಂಟ್ರೋಲರ್ ಎಂದರೆ ನೀರಿನಲ್ಲಿ ಇಳಿಬಿಟ್ಟ ಪ್ರೋಬಿನಿಂದ ಬಿಸಿ ಅಳೆದು, ರಿಲೇ ಮೂಲಕ ಹೀಟರಿಗೆ ಕರೆಂಟು ಕೊಡುವ, ಕಡಿಯುವ ಪೆಟ್ಟಿಗೆ. ಸುಲಭವಾಗಿ ಸಿಗುವುದು ಎಸ್‌ಟಿಸಿ-1000 ಎಂಬ ಚಿಕ್ಕ ಪ್ಯಾನಲ್. ಹೀಟರಿಗೊಂದು, ತಂಪು ಮಾಡುವುದಕ್ಕೊಂದು, ಎರಡು ರಿಲೇ ಇರುತ್ತವೆ. ಬೆಲೆ ಕಡಿಮೆ, ಕೆಲಸ ಸಾಕಷ್ಟು ನಂಬಿಗಸ್ತ. ಕೊಳ್ಳುವಾಗ 220 ವೋಲ್ಟಿನದೇ ಎಂದು ಖಾತ್ರಿ ಮಾಡಿಕೊಳ್ಳಿ, ಅದೇ ಮುಖದ 12 ವೋಲ್ಟಿನದೂ ಬರುತ್ತದೆ. ಹಿಂಬದಿಯ ಸ್ಕ್ರೂಗಳಲ್ಲಿ ಮನೆಯ ಕರೆಂಟು ಬಯಲಲ್ಲೇ ಇರುತ್ತದೆ, ಹಾಗಾಗಿ ವೈರಿಂಗ್ ತಿಳಿದವರಿಂದ ಪೆಟ್ಟಿಗೆಯೊಳಗೆ ಕೂರಿಸಿಕೊಳ್ಳಬೇಕು. ಆ ಗೋಜು ಬೇಡದವರಿಗೆ ಇಂಕ್‌ಬರ್ಡ್ ಐಟಿಸಿ-308ನಂಥವು ಇವೆ. ಸಾಕೆಟ್ಟು ಸಮೇತ ಬರುತ್ತವೆ, ಬಿಸಿ ಮಿತಿ ಮೀರಿದರೆ ಕೂಗುತ್ತವೆ.

ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿದ್ದರೂ ಅರ್ಧಕ್ಕಿಂತ ಹೆಚ್ಚು ಭಾರ ಹೊರಿಸಬೇಡಿ. 600 ವ್ಯಾಟ್ ಅಂದರೆ 2.6 ಆಂಪಿಯರ್, ಚಿಂತೆಯಿಲ್ಲ. ಹೀಟರ್ ಆರುವ ಬಿಸಿಗೂ ಮತ್ತೆ ಹತ್ತುವ ಬಿಸಿಗೂ ನಡುವಿನ ಅಂತರವನ್ನು ಅರ್ಧ ಡಿಗ್ರಿಗೆ ಇಡಿ. 0.3ಕ್ಕೆ ಇಳಿಸಿ ಬಹಳ ನಿಖರ ಮಾಡಹೊರಟರೆ ರಿಲೇ ಟಕಟಕ ಎಂದು ಬಡಿದು ಬೇಗ ಸವೆಯುತ್ತದೆ, ಮೀನಿಗೆ ಅದರಿಂದ ಆಗುವ ಲಾಭ ಏನೂ ಇಲ್ಲ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ: ಕಂಟ್ರೋಲರ್ ಹಚ್ಚಿ, ಪ್ರೋಬಿನ ತಂತಿ ಕಿತ್ತುಬಿಡಿ. ಹೀಟರಿನ ಕರೆಂಟು ನಿಲ್ಲಬೇಕು. ನಿಲ್ಲದಿದ್ದರೆ ಅದು ನಿಮಗೆ ಬೇಡ.

8. ಕಂಟ್ರೋಲರ್ 27ಕ್ಕೆ, ಹೀಟರಿನ ಗುಂಡಿ 29ಕ್ಕೆ

ಕಂಟ್ರೋಲರ್ ಬಂತೆಂದು ಹೀಟರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಡುವವರೇ ಹೆಚ್ಚು. ಆಗ ಒಳಗಿನ ಥರ್ಮೋಸ್ಟ್ಯಾಟ್ ಇದ್ದೂ ಇಲ್ಲದಂತೆ. ಎರಡು ಡಿಗ್ರಿ ಮಾತ್ರ ಮೇಲಿಡಿ. ದಿನವೂ ಕೂಡಿಸಿ ಬಿಡಿಸುವ ಕೆಲಸ ಕಂಟ್ರೋಲರಿನದು, ಹೀಟರಿನ ಪಾಯಿಂಟುಗಳಿಗೆ ಕಿಡಿ ತಾಗುವುದೇ ಇಲ್ಲ, ಅವು ಹೊಸದಾಗಿಯೇ ಉಳಿಯುತ್ತವೆ. ಕಂಟ್ರೋಲರಿನ ರಿಲೇ ಒಂದು ದಿನ ಅಂಟಿದರೆ 29ಕ್ಕೆ ಹೀಟರ್ ತಾನೇ ನಿಲ್ಲುತ್ತದೆ. ಎರಡೂ ಒಂದೇ ದಿನ ಕೆಡಬೇಕು, ಆಗ ಮಾತ್ರ ಮೀನಿಗೆ ಕಂಟಕ.

9. ಪ್ರೋಬ್ ಜಾರದಂತೆ ಕಟ್ಟಿ

ಪ್ರೋಬ್ ನೀರಿನಿಂದ ಹೊರಗೆ ಜಾರಿದರೆ ಅದು ಕೋಣೆಯ 16 ಡಿಗ್ರಿ ಅಳೆಯುತ್ತದೆ, ಕಂಟ್ರೋಲರ್ "ನೀರು ತಣ್ಣಗಿದೆ" ಎಂದುಕೊಂಡು ಹೀಟರ್ ಹಚ್ಚುತ್ತಲೇ ಇರುತ್ತದೆ. ನೀರು ಬದಲಿಸುವಾಗ ಹೀಗಾಗುವುದು ಸಾಮಾನ್ಯ. ಸಕ್ಷನ್ ಕಪ್ ಒಂದನ್ನೇ ನಂಬಬೇಡಿ, ವರ್ಷದೊಳಗೆ ಗಟ್ಟಿಯಾಗಿ ಬಿಟ್ಟುಕೊಳ್ಳುತ್ತದೆ. ಪೈಪಿಗೆ ಕೇಬಲ್ ಟೈ ಹಾಕಿ ಬಿಗಿಯಿರಿ. ಆಳ ನೀರಿನ ಮಧ್ಯಕ್ಕಿರಲಿ, ಹೀಟರುಗಳಿಂದ ಆದಷ್ಟು ದೂರ. ಹೀಟರುಗಳು ಫಿಲ್ಟರಿನ ನೀರು ಹರಿಯುವ ದಾರಿಯಲ್ಲಿರಲಿ.

10. ತೊಟ್ಟಿಗೆ ಇಳಿಸುವ ಮುನ್ನ ಬಕೆಟ್ ಪರೀಕ್ಷೆ

20 ಲೀಟರಿನ ಬಕೆಟ್ಟಿನಲ್ಲಿ ನೀರು ತುಂಬಿ, ಹೀಟರ್ ಮುಳುಗಿಸಿ, ಗಡಿಯಾರ ನೋಡಿ. 300 ವ್ಯಾಟಿನ ಹೀಟರ್ ಈ ನೀರನ್ನು 10 ಡಿಗ್ರಿ ಏರಿಸಲು ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತೆಗೆದುಕೊಳ್ಳಬೇಕು. ಒಂದೂವರೆ ಗಂಟೆ ಹಿಡಿದರೆ ವೋಲ್ಟೇಜ್ ಇಲ್ಲ, ಇಲ್ಲವೇ ಬರೆದ ವ್ಯಾಟ್ ಸುಳ್ಳು.

ಯಾವುದೆಂದು ತಿಳಿಯಲು ಮನೆಯ ಮೀಟರೇ ಸಾಕ್ಷಿ. ಹಲವು ಡಿಜಿಟಲ್ ಮೀಟರುಗಳ ಮೇಲೆ ಒಂದು ಯೂನಿಟ್ಟಿಗೆ ಕೆಂಪು ದೀಪ 3200 ಸಲ ಮಿಣುಕುತ್ತದೆ ಎಂದು ಅಚ್ಚಾಗಿರುತ್ತದೆ. ಮನೆಯ ಉಳಿದ ಎಲ್ಲ ಸ್ವಿಚ್ಚು ಆರಿಸಿ, ಹೀಟರ್ ಒಂದನ್ನೇ ಹಚ್ಚಿ ಒಂದು ನಿಮಿಷ ಎಣಿಸಿ. 300 ವ್ಯಾಟ್ ನಿಜವಾಗಿ ಎಳೆಯುತ್ತಿದ್ದರೆ 16 ಸಲ ಮಿಣುಕಬೇಕು. ಅಕ್ಕನ ಮಗ ಹೀಗೆ ಎಣಿಸಿದಾಗ ಹೊಸದಾಗಿ ತಂದ ಎರಡರಲ್ಲಿ ಒಂದು 16 ತೋರಿಸಿತು, ಇನ್ನೊಂದು 11. ವೋಲ್ಟೇಜ್ ಎರಡಕ್ಕೂ ಒಂದೇ. ಎರಡನೆಯದನ್ನು ಮರುದಿನವೇ ಅಂಗಡಿಗೆ ಮರಳಿಸಿದೆವು.

ಬಳಿಕ ಎರಡು ರಾತ್ರಿ ಬಕೆಟ್ಟಿನಲ್ಲೇ ಬಿಡಿ. ಕೂಡಿ ಬಿಡುವುದು ಸರಿಯಾಗಿದೆಯೇ, ಗಾಜಿನೊಳಗೆ ತೇವದ ಹನಿ ಕೂತಿದೆಯೇ ನೋಡಿ. ಹನಿ ಕಂಡರೆ ಸೀಲ್ ಸೋರುತ್ತಿದೆ, ಬಳಸಬೇಡಿ. ಥರ್ಮಾಮೀಟರ್ ಮತ್ತು ಪ್ರೋಬ್ ಸುಳ್ಳು ಹೇಳುತ್ತಿಲ್ಲ ಎಂದು ಖಾತ್ರಿ ಮಾಡಲು ಮಂಜುಗಡ್ಡೆ ಕುಟ್ಟಿ ಲೋಟ ತುಂಬಿ, ತುಸು ನೀರು ಹಾಕಿ, ಕಲಕಿ, ಎರಡನ್ನೂ ಅದ್ದಿ. ಐದು ನಿಮಿಷದಲ್ಲಿ 0 ತೋರಿಸಬೇಕು. ವ್ಯತ್ಯಾಸ ಇದ್ದಷ್ಟನ್ನು ಕಂಟ್ರೋಲರಿನಲ್ಲಿ ತುಂಬಿ ಸರಿಪಡಿಸಿಕೊಳ್ಳುವ ಏರ್ಪಾಡು ಎಸ್‌ಟಿಸಿ-1000ರಲ್ಲೂ ಇದೆ.

11. ಅರ್ಥಿಂಗ್ ಇಲ್ಲದ ಮನೆಯಲ್ಲಿ ಹೀಟರ್ ಬೇಡ

ಗಾಜು ಬಿರಿದರೆ ನೀರಿಗೆ ಕರೆಂಟು ಬರುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಕರೆಂಟು ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗುತ್ತದೆ, ಅರ್ಥಿಂಗ್ ಗುಂಡಿಯೂ ಆಗ ಒಣಗಿ ಕೆಲಸಕ್ಕೆ ಬಾರದಂತಾಗುತ್ತದೆ, ಹದಿನೈದು ದಿನಕ್ಕೊಮ್ಮೆ ಅದಕ್ಕೂ ಒಂದೆರಡು ಬಕೆಟ್ ನೀರು ಹಾಕಿ. ವೈರು ಪ್ಲಗ್ಗಿಗೆ ಏರುವ ಮುನ್ನ ಕೆಳಗೆ ಒಂದು ಕೊಕ್ಕೆಯಂತೆ ಇಳಿದಿರಲಿ, ವೈರಿನ ಮೇಲೆ ಜಾರಿ ಬಂದ ನೀರು ಅಲ್ಲೇ ತೊಟ್ಟಿಕ್ಕಬೇಕು. ತೊಟ್ಟಿಯೊಳಗೆ ಕೈ ಹಾಕುವ ಮುನ್ನ ಪ್ಲಗ್ ಕೀಳಿ. ಇದಕ್ಕೆ ವಿನಾಯಿತಿ ಇಲ್ಲ.

12. ಕರೆಂಟು ಹೋದರೆ ಗಾಬರಿಯಾಗಬೇಡಿ, ಕೌದಿ ಹೊದಿಸಿ

ದೊಡ್ಡ ತೊಟ್ಟಿಯ ದೊಡ್ಡ ಗುಣ ಇದು: ಬೇಗ ತಣಿಯುವುದಿಲ್ಲ. ಕೋಣೆಗಿಂತ 12 ಡಿಗ್ರಿ ಬೆಚ್ಚಗಿರುವ 600 ಲೀಟರ್ ನೀರು ಗಂಟೆಗೆ ಇಳಿಯುವುದು ಅರ್ಧ ಡಿಗ್ರಿಗಿಂತಲೂ ಕಡಿಮೆ. ಎರಡಡಿಯ ಸಣ್ಣ ತೊಟ್ಟಿ ಅದರ ಎರಡು ಪಟ್ಟು ವೇಗದಲ್ಲಿ ಇಳಿಯುತ್ತದೆ. ಆರು ತಾಸು ಲೋಡ್ ಶೆಡ್ಡಿಂಗ್ ಆದರೂ ಎರಡೂವರೆ ಡಿಗ್ರಿಯ ಮಾತು. ಅಜ್ಜಿ ಹೊಲಿದ ಕೌದಿಯೊಂದನ್ನು ಸುತ್ತಲೂ ಹೊದಿಸಿದರೆ ಇನ್ನೂ ನಿಧಾನ. ಮೇಲೆ ಒಂದು ಬದಿಗೆ ಗಾಳಿಯಾಡಲು ಬಿಡಿ.

ಇನ್ವರ್ಟರಿನ ಮೇಲೆ ಹೀಟರ್ ಹಾಕಬೇಡಿ. 150 ಎಎಚ್ ಬ್ಯಾಟರಿಯನ್ನು 300 ವ್ಯಾಟ್ ಹೀಟರ್ ಮೂರ್ನಾಲ್ಕು ತಾಸಿನಲ್ಲಿ ಬಸಿದುಬಿಡುತ್ತದೆ. ಅದೇ ಬ್ಯಾಟರಿ ಐದು ವ್ಯಾಟಿನ ಏರ್ ಪಂಪನ್ನು ರಾತ್ರಿ ಪೂರ್ತಿ ಸಲೀಸಾಗಿ ನಡೆಸುತ್ತದೆ. ಕರೆಂಟಿಲ್ಲದಾಗ ಮೀನಿಗೆ ಮೊದಲು ಬೇಕಾದ್ದು ಉಸಿರು. ಕರೆಂಟು ಬಂದ ಮೇಲೆ ಬಿಸಿನೀರು ಸುರಿದು ಅವಸರದಿಂದ ಏರಿಸಲೂಬೇಡಿ. ಹೀಟರ್ ತನ್ನ ಗತಿಯಲ್ಲಿ ಏರಿಸಲಿ. ಬಿಸಿ ಹಠಾತ್ತನೆ ಏರಿಳಿದಾಗ ಮೈಮೇಲೆ ಉಪ್ಪು ಉದುರಿಸಿದಂಥ ಬಿಳಿ ಚುಕ್ಕೆ ರೋಗ ಮೀನನ್ನು ಹಿಡಿಯುವುದು ಹೆಚ್ಚು.

13. ಬೇಸಿಗೆಗೂ ಅದೇ ಕಂಟ್ರೋಲರ್

ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವ ಊರು ನಮ್ಮದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ 9.1 ಮಿಲಿಗ್ರಾಂ, 30ರಲ್ಲಿ 7.5. ಆದ್ದರಿಂದ ಕೊಳ್ಳುವಾಗಲೇ ತಂಪಿನ ರಿಲೇಯೂ ಇರುವ ಕಂಟ್ರೋಲರ್ ಆರಿಸಿ, ಅದಕ್ಕೆ ನೀರಿನ ಮೇಲೆ ಬೀಸುವ ಸಣ್ಣ ಫ್ಯಾನು ಜೋಡಿಸಿ. ಬೇಸಿಗೆಗೆ ಅಂತರವನ್ನು ಒಂದು ಡಿಗ್ರಿ ಮಾಡಿದರೆ ಹೀಟರ್ 26ಕ್ಕೆ ಹತ್ತುತ್ತದೆ, ಫ್ಯಾನು 28ಕ್ಕೆ. ಒಂದು ಲೀಟರ್ ನೀರು ಆವಿಯಾದರೆ 600 ಲೀಟರ್ ಸುಮಾರು ಒಂದು ಡಿಗ್ರಿ ತಣಿಯುತ್ತದೆ. ದಿನಕ್ಕೆ ನಾಲ್ಕೈದು ಲೀಟರ್ ಮೇಲೆ ಹಾಕಬೇಕಾಗಬಹುದು.

ಅದು ಸಣ್ಣ ಮಾತಲ್ಲ. 2016ರ ಏಪ್ರಿಲ್ 12ರಂದು ಮೀರಜಿನಿಂದ ರೈಲಿನಲ್ಲಿ ಐದು ಲಕ್ಷ ಲೀಟರ್ ಕುಡಿಯುವ ನೀರು ಲಾತೂರಿಗೆ ಬಂದಿಳಿದ ಜಿಲ್ಲೆ ಇದು. ಬರದ ವರ್ಷ ಬಂದರೆ ದೊಡ್ಡ ತೊಟ್ಟಿಯ ಮೀನುಗಳನ್ನು ಬಾವಿ ಇದ್ದ ಸ್ನೇಹಿತರಿಗೆ ಒಪ್ಪಿಸಿ ತೊಟ್ಟಿಯನ್ನು ಒಣಗಿಸಿಡಿ. ನಾನು ಹಾಗೇ ಮಾಡಿದ್ದೇನೆ.

14. ಸುಣ್ಣ ತೆಗೆಯಿರಿ, ವಯಸ್ಸು ಬರೆದಿಡಿ

ಕಪ್ಪುಕಲ್ಲಿನ ನೆಲದ ನಮ್ಮ ಬೋರ್‌ವೆಲ್ ನೀರು ಗಡುಸು. ಹೀಟರಿನ ಮೈಗೆ ಬಿಳಿ ಸುಣ್ಣ ಕಟ್ಟಿ, ಶಾಖ ನೀರಿಗೆ ದಾಟದೆ ಒಳಗೇ ಕುದಿದು ಗಾಜು ಬಿರಿಯುತ್ತದೆ. ಎರಡು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಹದಿನೈದು ನಿಮಿಷ ನೀರಿನಲ್ಲೇ ತಣಿಯಲು ಬಿಟ್ಟು, ಹೊರತೆಗೆದು ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿ, ತೊಳೆದು ಇಳಿಸಿ. ಬಿಸಿ ಇರುವಾಗಲೇ ಎತ್ತಿದರೆ ಗಾಜು ಚಟ್ಟೆಂದು ಸೀಳುತ್ತದೆ. ಕೊಂಡ ತಿಂಗಳು, ವರ್ಷವನ್ನು ವೈರಿಗೆ ಟೇಪು ಸುತ್ತಿ ಬರೆಯಿರಿ. ನಾನು ಮೂರು ಚಳಿಗಾಲ ಕಂಡ ಗಾಜಿನ ಹೀಟರನ್ನು, ಅದು ಚೆನ್ನಾಗಿಯೇ ನಡೆಯುತ್ತಿದ್ದರೂ, ತೆಗೆದು ಬಕೆಟ್ಟಿನ ಕೆಲಸಕ್ಕೆ ಇಟ್ಟುಬಿಡುತ್ತೇನೆ. ಒಂದು ಹೊಸ ಹೀಟರ್ ಕಪಾಟಿನಲ್ಲಿ ಯಾವಾಗಲೂ ಇರಲಿ. ಚಳಿಯ ರಾತ್ರಿ ಕೆಟ್ಟರೆ ಉದಗೀರ, ನಿಲಂಗಾದ ಅಂಗಡಿ ಬೆಳಗಿನವರೆಗೆ ತೆರೆಯುವುದಿಲ್ಲ.

ವಲಾಂಡಿಯ ತೊಟ್ಟಿಯಲ್ಲಿ ಈಗ ಎರಡು 300 ವ್ಯಾಟ್ ಹೀಟರುಗಳಿವೆ, ಗೋಡೆಗೆ ಕಂಟ್ರೋಲರ್, ಗಾಜಿಗೆ ಅಂಟಿಸಿದ ಹಳೆಯ ಥರ್ಮಾಮೀಟರು. ಪಕ್ಕದಲ್ಲಿ ಮೊಳೆಗೆ ತೂಗುಹಾಕಿದ ಒಂದು ನೋಟ್‌ಬುಕ್. ಬೆಳಿಗ್ಗೆ ಚಹಾ ಕುಡಿಯುತ್ತ, ರಾತ್ರಿ ಮಲಗುವಾಗ ಅಕ್ಕ ಅದರಲ್ಲಿ ಅಂಕಿ ಬರೆಯುತ್ತಾಳೆ. ಕಳೆದ ಚಳಿಗಾಲ ಪೂರ್ತಿ ಅದರಲ್ಲಿ 26ಕ್ಕಿಂತ ಕೆಳಗಿನ, 28ಕ್ಕಿಂತ ಮೇಲಿನ ಅಂಕಿ ಒಂದೂ ಇಲ್ಲ.

ದೀಪಾವಳಿ ಮುಗಿದ ವಾರವೇ ನಿಮ್ಮ ಹೀಟರನ್ನು ಹೊರತೆಗೆದು ಬಕೆಟ್ಟಿಗೆ ಇಳಿಸಿ, ಮೀಟರಿನ ಮುಂದೆ ನಿಂತು ಒಂದು ನಿಮಿಷ ಎಣಿಸಿ. ಚಳಿ ಬೀಳಲು ಆಗ ಇನ್ನೂ ಮೂರು ನಾಲ್ಕು ವಾರ ಇರುತ್ತದೆ, ಕೆಟ್ಟದ್ದನ್ನು ಬದಲಿಸಲು ಅಷ್ಟು ಸಮಯ ಸಾಕು.